ಕೊನೆಯ ಹೆಜ್ಜೆಯಿಂದ ಕಲಿಸು

ಮಗಳೇ,

ನಿನ್ನ ವಾಟ್ಸಾಪ್ ಓದಿದೆ. ಪುಟ್ಟನಿಗೆ ಮೂರೂವರೆ ವರ್ಷ ತುಂಬಿತು, ಇನ್ನೂ ಚಡ್ಡಿ ಹಾಕಿಕೊಳ್ಳಲು ಬರೋಲ್ಲ, ನೀರು ಬೇಕಾದರೆ ಕೈ ಹಿಡಿದು ಎಳೆಯುತ್ತಾನೆಯೇ ಹೊರತು ಬಾಯಿ ಬಿಡೋಲ್ಲ, ಅಂಗಡಿ ಮುಂದೆ ಬಿದ್ದು ಹೊರಳಾಡುತ್ತಾನೆ, ಶೂ ಲೇಸು ಕಟ್ಟೋದು ಹೇಗೆ ಕಲಿಸಲಿ ಅಂತ ಎಲ್ಲ ಒಂದೇ ಉಸಿರಿಗೆ ಬರೆದಿದ್ದೀಯ. ‘ಮಹಾ ಹಟಮಾರಿ, ಥೇಟ್ ಅವರಪ್ಪ’ ಅಂತ ಕೊನೆಗೊಂದು ಮಾತು ಬೇರೆ. ಅಳಿಯಂದಿರ ವಿಷಯ ನಿಮ್ಮಿಬ್ಬರಿಗೆ ಬಿಟ್ಟಿದ್ದು. ಮಗುವಿನ ವಿಷಯಕ್ಕೆ ಮಾತ್ರ ನಾನು ಬಾಯಿ ಹಾಕುತ್ತೇನೆ. ನಿಧಾನವಾಗಿ ಕಲಿಯುವ ಮಕ್ಕಳ ಪಕ್ಕ ಚಾಪೆ ಮೇಲೆ ಕೂತೇ ಕೆಲಸದ ವಯಸ್ಸನ್ನೆಲ್ಲ ಕಳೆದವಳು ನಾನು, ಅಷ್ಟು ಹಕ್ಕು ಇದೆ ಅಂದುಕೊಂಡಿದ್ದೇನೆ.

ಎಲ್ಲಕ್ಕೂ ಮೊದಲು ಕಿವಿ ತೋರಿಸಿಕೊಂಡು ಬಾ. ಮೂರೂವರೆ ವರ್ಷದ ಮಗು ಬಾಯಲ್ಲಿ ನೀರು ಕೇಳುತ್ತಿಲ್ಲ ಅಂದರೆ, ‘ಗಂಡುಮಕ್ಕಳಿಗೆ ಮಾತು ತಡ, ನಿನ್ನ ಗಂಡನೂ ಹಾಗೇ ಇದ್ದ’ ಅನ್ನುವ ಸಮಾಧಾನ ಕೇಳಿಕೊಂಡು ಕೂರಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲೇ ಆಗಬೇಕೆಂದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಕಿವಿ ಸರಿಯಾಗಿ ಕೇಳುತ್ತಿದೆಯೇ, ಬೆಳವಣಿಗೆ ಹೇಗಿದೆ ಅಂತ ಬಲ್ಲವರು ನೋಡಿ ಹೇಳಲಿ. ಏನೂ ಇಲ್ಲ ಅಂದರೆ ಒಳ್ಳೆಯದೇ ಆಯಿತು, ಏನಾದರೂ ಇದೆ ಅಂದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು. ಮುಂದೆ ನಾನು ಹೇಳುವುದು ಎರಡು ತರಹದ ಮಕ್ಕಳಿಗೂ ಆಗಿಬರುತ್ತದೆ.

ಈಗ ಹಟದ ವಿಷಯ. ಹಟ ಅಂದುಬಿಟ್ಟರೆ ಬೈಯುವುದೊಂದನ್ನು ಬಿಟ್ಟು ನಮಗೆ ಬೇರೆ ಕೆಲಸ ಉಳಿಯುವುದಿಲ್ಲ. ಅದರ ಬದಲು ಎರಡು ಪ್ರಶ್ನೆ ಕೇಳಿಕೋ. ಅವನು ಹಾಗೆ ಮಾಡುವ ಮುಂಚೆ ಏನಾಯಿತು? ಮಾಡಿದ ಮೇಲೆ ಅವನಿಗೆ ಏನು ಸಿಕ್ಕಿತು? ಕೈ ಹಿಡಿದು ಫಿಲ್ಟರ್ ಹತ್ತಿರ ಎಳೆದ, ನೀನು ಲೋಟಕ್ಕೆ ನೀರು ಹಿಡಿದುಕೊಟ್ಟೆ. ಎಳೆದರೆ ನೀರು ಬರುತ್ತದೆ ಅನ್ನುವುದನ್ನು ಅವನು ಚೆನ್ನಾಗಿಯೇ ಕಲಿತಿದ್ದಾನೆ, ಕಲಿಸಿದವಳು ನೀನು. ಯಾವುದನ್ನು ಮಾಡಿದ ಬೆನ್ನಿಗೇ ಬೇಕಾದದ್ದು ಸಿಗುತ್ತದೋ ಅದನ್ನೇ ನಾವೆಲ್ಲ ಮತ್ತೆ ಮತ್ತೆ ಮಾಡುತ್ತೇವೆ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವವರು 1898ರಲ್ಲೇ ಬೆಕ್ಕುಗಳನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅವು ಅಗಳಿ ತೆಗೆದು ಹೊರಬರಲು ಎಷ್ಟೆಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಅಂತ ಲೆಕ್ಕವಿಟ್ಟು ಇದನ್ನು ತೋರಿಸಿದರು. ಬಿ.ಎಫ್. ಸ್ಕಿನ್ನರ್ ಮುಂದೆ ಅದನ್ನು ದೊಡ್ಡ ಶಾಸ್ತ್ರವಾಗಿ ಬೆಳೆಸಿದರು. ಬೆಕ್ಕಿನ ಪಾಠ ನನ್ನ ಮಗನಿಗೇಕೆ ಅಂತ ಮೂಗು ಮುರಿಯಬೇಡ. ಮಗುವಿನ ಮನಸ್ಸಿನಲ್ಲಿ ಇರುವುದೆಲ್ಲ ಇಷ್ಟೇ ಅಂತ ನಾನೂ ಹೇಳುವುದಿಲ್ಲ. ಆದರೆ ಚಡ್ಡಿ, ಲೋಟ, ಸೋಪು, ಚಪ್ಪಲಿ ಇಂಥವುಗಳ ಮಟ್ಟಿಗೆ ಇದಕ್ಕಿಂತ ಕೈಗೆ ಹತ್ತುವ ಉಪಾಯವನ್ನು ನಾನು ಕಂಡಿಲ್ಲ.

ಚಡ್ಡಿಯಿಂದಲೇ ಶುರು ಮಾಡೋಣ. ‘ಚಡ್ಡಿ ಹಾಕ್ಕೋ’ ಅನ್ನುವುದು ನಮ್ಮ ಲೆಕ್ಕದಲ್ಲಿ ಒಂದು ಕೆಲಸ. ಅವನ ಲೆಕ್ಕದಲ್ಲಿ ನೋಡು. ಮುಂಭಾಗ ಯಾವುದು ಅಂತ ಗುರುತಿಸಬೇಕು. ಎಲಾಸ್ಟಿಕ್ಕನ್ನು ಎರಡು ಕೈಯಲ್ಲೂ ಹಿಡಿದು ಅಗಲಿಸಬೇಕು. ಬಗ್ಗಬೇಕು. ಒಂದು ಕಾಲು ತೂರಿಸಬೇಕು. ಇನ್ನೊಂದು ಕಾಲು ಅದೇ ತೂತಿಗೆ ನುಗ್ಗದ ಹಾಗೆ ಪಕ್ಕದ್ದಕ್ಕೆ ತೂರಿಸಬೇಕು. ಮಂಡಿವರೆಗೆ ಎಳೆಯಬೇಕು. ಬೀಳದೆ ಎದ್ದು ನಿಲ್ಲಬೇಕು. ತೊಡೆ ದಾಟಿಸಬೇಕು. ಹಿಂದುಗಡೆ ಅಂಡಿನ ಮೇಲಿಂದ ಹಾಯಿಸಬೇಕು. ಸೊಂಟಕ್ಕೆ ತಂದು ಬಿಡಬೇಕು. ಹತ್ತು ಕೆಲಸ ಆಯಿತು. ಹತ್ತನ್ನೂ ಒಟ್ಟಿಗೆ ಕೇಳಿ, ಬರಲಿಲ್ಲ ಅಂತ ಗದರಿದರೆ ಅವನು ಓಡಿಹೋಗದೆ ಇನ್ನೇನು ಮಾಡುತ್ತಾನೆ?

ಇದನ್ನು ಕೊನೆಯಿಂದ ಕಲಿಸು. ಒಂಬತ್ತನ್ನೂ ನೀನೇ ಮಾಡು. ಚಡ್ಡಿ ಸೊಂಟಕ್ಕೆ ಇನ್ನೆರಡು ಬೆರಳು ಇದೆ ಅನ್ನುವಾಗ ನಿಲ್ಲಿಸಿ, ಅವನ ಹೆಬ್ಬೆರಳುಗಳನ್ನು ಎಲಾಸ್ಟಿಕ್ಕಿನ ಒಳಗೆ ಸೇರಿಸಿ ಬಿಡು. ಅವನು ಎಳೆಯುತ್ತಾನೆ, ಚಡ್ಡಿ ಹಾಕಿ ಆಗುತ್ತದೆ, ಮುಗಿಸಿದವನು ಅವನು. ಮೊದಲಿನಿಂದ ಕಲಿಸಿದರೆ ಒಂದು ಕಾಲು ತೂರಿಸುವಷ್ಟರಲ್ಲಿ ಅವನ ಪಾಲು ಮುಗಿಯುತ್ತದೆ, ಮಿಕ್ಕದ್ದೆಲ್ಲ ಅಮ್ಮನ ಗಡಿಬಿಡಿ, ಕೊನೆಗೆ ಗೆದ್ದವಳೂ ಅಮ್ಮ. ಕೊನೆಯಿಂದ ಹೋದರೆ ಪ್ರತಿಸಲವೂ ಗೆಲುವು ಅವನ ಕೈಯಲ್ಲಿ ಮುಗಿಯುತ್ತದೆ. ಆ ಒಂದು ಎಳೆತ ಯಾರ ಸಹಾಯವೂ ಇಲ್ಲದೆ ಬಂತು ಅಂದಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಅಂಡಿನ ಕೆಳಗೆ ನಿಲ್ಲಿಸು. ಅದೂ ಬಂದಮೇಲೆ ತೊಡೆ, ಆಮೇಲೆ ಮಂಡಿ.

ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಅಂಡಿನ ಹತ್ತಿರವೇ. ಎರಡು ಕೈಯನ್ನೂ ಮುಂದೆಯೇ ಇಟ್ಟು ಎಳೆಯುತ್ತಾರೆ. ಮುಂದಿನದು ಹೊಕ್ಕುಳು ದಾಟಿರುತ್ತದೆ, ಹಿಂದಿನದು ಕೆಳಗೇ ನಿಂತಿರುತ್ತದೆ, ಬಗ್ಗಿ ನೋಡಿದರೆ ಅವರಿಗೆ ಅದು ಕಾಣುವುದೂ ಇಲ್ಲ. ಆ ಜಾಗದಲ್ಲಿ ಒಂದು ಕೈಯನ್ನು ನೀನೇ ಹಿಡಿದು ಬೆನ್ನ ಹಿಂದೆ ತಂದು, ಹೆಬ್ಬೆರಳನ್ನು ಪಟ್ಟಿಯ ಒಳಗೆ ಇಡಿಸಬೇಕು. ಒಂದು ಸೈಜು ದೊಡ್ಡ ಕಾಟನ್ ಚಡ್ಡಿ ತಗೋ, ಎಲಾಸ್ಟಿಕ್ ಸಡಿಲವಾಗಿರಲಿ, ಗುಂಡಿ ಜಿಪ್ಪು ಯಾವುದೂ ಬೇಡ. ಮುಂದುಗಡೆ ಏನಾದರೂ ಚಿತ್ರವಿದ್ದರೆ ಹಿಂದು ಮುಂದು ಗೊತ್ತಾಗುತ್ತದೆ. ಗೋಡೆಗೆ ಒರಗಿದ ಹಾಗೆ ಮಣೆಯ ಮೇಲೆ ಕೂರಿಸು, ಆಗ ಅವನಿಗೆ ಬೀಳುವ ಭಯವಿರುವುದಿಲ್ಲ. ಸ್ನಾನವಾದ ಮೇಲೆ ಮೈ ಚೆನ್ನಾಗಿ ಒರೆಸು, ಒದ್ದೆ ತೊಡೆಗೆ ಬಟ್ಟೆ ಅಂಟಿಕೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ. ಸ್ಕೂಲ್ ವ್ಯಾನಿನವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುವಾಗ ಪಾಠ ಇಟ್ಟುಕೊಳ್ಳಬೇಡ. ಬೆಳಗ್ಗೆ ನೀನೇ ಹಾಕಿ ಕಳಿಸು, ಕೊನೆಯ ಎಳೆತವನ್ನಷ್ಟೇ ಅವನಿಗೆ ಬಿಡು. ಕಲಿಸುವುದು ಸಂಜೆಗಿರಲಿ.

ಎಲ್ಲಾ ಕೆಲಸವೂ ಹಿಂದಿನಿಂದಲೇ ಅಂತಲ್ಲ. ಅಂಕಿ ಎಣಿಸುವುದನ್ನು ಹತ್ತರಿಂದ ಶುರು ಮಾಡಿಸಬೇಡ ಮತ್ತೆ.

ಇನ್ನು ಸಹಾಯದ ಮಾತು. ನಾನು ನಿನಗೆ ಹೇಳಬೇಕೆಂದು ಕೂತಿರುವುದು ನಿಜವಾಗಿ ಇದೊಂದೇ. ತಾರಸಿ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ನಾವು ಮಗುವಿಗೆ ಕೊಡುವ ಸಹಾಯ ಅಂಥದ್ದು. ಕಾಂಕ್ರೀಟು ಬಲಿಯುವ ಮುಂಚೆ ಬಿಚ್ಚಿದರೆ ಕುಸಿಯುತ್ತದೆ, ಬಿಚ್ಚದೇ ಬಿಟ್ಟರೆ ಆ ಕೋಣೆಯಲ್ಲಿ ಸಂಸಾರ ಮಾಡುವ ಹಾಗಿಲ್ಲ. ಕೊಡುವ ದಿನವೇ ಬಿಚ್ಚುವ ಲೆಕ್ಕವೂ ಇರಬೇಕು. ಕೈತೊಳೆಯುವುದನ್ನು ಕಲಿಸುತ್ತಿದ್ದೀಯ ಅಂದುಕೋ. ಎದುರಿಗೆ ನಿಲ್ಲಬೇಡ, ಹಿಂದೆ ನಿಂತು ಅವನ ಕೈಮೇಲೆ ಕೈಯಿಟ್ಟು ಸೋಪು ಉಜ್ಜಿಸು. ಕೈ ತಾನೇ ಆಡತೊಡಗಿದ್ದು ನಿನ್ನ ಅಂಗೈಗೆ ಗೊತ್ತಾಗುತ್ತದೆ. ಆಗ ಹಿಡಿತ ಸಡಿಲಿಸಿ ಮಣಿಕಟ್ಟಿಗೆ ಬಾ. ಅಲ್ಲಿಂದ ಮೊಳಕೈಗೆ, ಅಲ್ಲಿಂದ ಭುಜಕ್ಕೆ ಒಂದು ಬೆರಳು. ಆಮೇಲೆ ಮುಟ್ಟದೆ, ತಪ್ಪಿದರೆ ಸಿಗುವಷ್ಟು ಹತ್ತಿರ ನಿಂತಿರು. ಒಂದು ದಿನ ಬಾಗಿಲ ಹತ್ತಿರ ನಿಂತರೂ ಸಾಕಾಗುತ್ತದೆ.

ಎಲ್ಲಾ ಸಹಾಯದಲ್ಲೂ ಬಿಡಿಸಿಕೊಳ್ಳಲು ಕಷ್ಟವಾದದ್ದು ಬಾಯಿಮಾತು. ‘ಹ್ಞಾ, ಸೋಪು ತಗೋ, ಉಜ್ಜು, ಹಿಂದೆ ಉಜ್ಜು, ನಲ್ಲಿ ತಿರುಗಿಸು, ಇನ್ನೂ...’ ಅಂತ ಕಾಮೆಂಟರಿ ಹೇಳುತ್ತಾ ಕಲಿಸಿದರೆ ಮಗು ಕೈತೊಳೆಯುವುದನ್ನು ಕಲಿಯುವುದಿಲ್ಲ, ಮುಂದಿನ ಮಾತಿಗೆ ಕಾಯುವುದನ್ನು ಕಲಿಯುತ್ತದೆ. ಅಮ್ಮ ಸುಮ್ಮನಾದರೆ ಕೈಯೂ ನಿಲ್ಲುತ್ತದೆ. ಹೀಗೆ ಒದ್ದೆ ಕೈ ಹಿಡಿದುಕೊಂಡು, ನಲ್ಲಿ ಸುರಿಯುತ್ತಿದ್ದರೂ ಮಿಸುಕದೆ, ಟೀಚರ ಮುಖವನ್ನೇ ನೋಡುತ್ತಾ ನಿಂತ ದೊಡ್ಡ ದೊಡ್ಡ ಮಕ್ಕಳನ್ನು ನೋಡಿದ್ದೇನೆ. ‘ಕೈ ತೊಳ್ಕೋ ಬಾ’ ಅಂತ ಒಂದು ಸಲ ಹೇಳು, ಮನಸ್ಸಿನಲ್ಲಿ ಐದು ಎಣಿಸು, ಏಳದಿದ್ದರೆ ಮಾತಿಲ್ಲದೆ ಎದ್ದುಹೋಗಿ ಕೈಹಿಡಿದು ಮಾಡಿಸು. ಹತ್ತು ಸಲ ಕೂಗಿ ಹನ್ನೊಂದನೆಯದಕ್ಕೆ ಎದ್ದು ಹೋಗುವವರ ಮನೆಯಲ್ಲಿ, ಹತ್ತರವರೆಗೆ ಏಳಬೇಕಾಗಿಲ್ಲ ಅನ್ನುವುದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ವಂಶದ ಹೆಂಗಸರಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ, ಗೊತ್ತು. ಪ್ರಯತ್ನ ಮಾಡು.

ನೀರು ಕೇಳುವುದಕ್ಕೆ ಬರೋಣ. ‘ನೀರು ಅನ್ನು, ಅಂದರೇನೇ ಕೊಡೋದು’ ಅಂತ ಲೋಟ ಮೇಲೆ ಎತ್ತಿ ಹಿಡಿಯಬೇಡ. ಬಾಯಾರಿದ ಮಗುವನ್ನು ಅಳಿಸಿ ಕಲಿಸಬೇಕಾದ್ದು ಈ ಪ್ರಪಂಚದಲ್ಲಿ ಏನೂ ಇಲ್ಲ. ಅದೂ ಅಲ್ಲದೆ ಆ ದಾರಿಯಲ್ಲಿ ಕೆಲಸ ಆಗುವುದೂ ಇಲ್ಲ. ಸ್ಕಿನ್ನರ್ ಅವರದೇ ಒಂದು ಕಥೆ ಇದೆ. 1943, ಯುದ್ಧಕಾಲ. ಬಾಂಬಿಗೆ ದಾರಿ ತೋರಿಸಲು ಪಾರಿವಾಳಗಳನ್ನು ಪಳಗಿಸುವ ವಿಚಿತ್ರ ಯೋಜನೆಯೊಂದಕ್ಕಾಗಿ ಅವರೂ ಅವರ ಜೊತೆಗಾರರೂ ಮಿನಿಯಾಪೊಲಿಸ್ ಊರಿನ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಬೀಡುಬಿಟ್ಟಿದ್ದರು. ಕೆಲಸವಿಲ್ಲದೆ ಕಾಯುತ್ತಿದ್ದ ಒಂದು ದಿನ, ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ಹೊಡೆಯುವುದನ್ನು ಕಲಿಸೋಣ ಅನ್ನಿಸಿತು. ಚೆಂಡಿಗೆ ಹೊಡೆದರೆ ಕಾಳು ಕೊಡೋಣ ಅಂತ ಕಾದರು, ಕಾದರು, ಅದು ಹೊಡೆಯಲೇ ಇಲ್ಲ. ಬೇಸತ್ತು, ಚೆಂಡಿನ ಕಡೆ ಸುಮ್ಮನೆ ನೋಡಿದರೂ ಕಾಳು ಕೊಡಲು ಶುರು ಮಾಡಿದರು. ಆಮೇಲೆ ಹತ್ತಿರ ಬಂದರೆ, ಆಮೇಲೆ ಕೊಕ್ಕು ತಾಗಿಸಿದರೆ. ಕೆಲವೇ ನಿಮಿಷದಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗೆಲ್ಲ ಬಡಿಯುತ್ತಿತ್ತಂತೆ. ಪೂರ್ತಿ ಬಂದಮೇಲೆ ಮೆಚ್ಚುತ್ತೇನೆ ಅಂತ ಕಾಯುವವರು ಕಾಯುತ್ತಲೇ ಇರಬೇಕು.

ಪುಟ್ಟ ಈಗ ಎಳೆಯುತ್ತಾನೆ. ಎಳೆಯುವಾಗ ಒಂದು ಕ್ಷಣ ತಿರುಗಿ ಲೋಟದತ್ತ ಬೆರಳು ಚಾಚಿದನೋ, ತಕ್ಷಣ ‘ನೀರು’ ಅಂದು ಕೊಡು. ಬೆರಳು ಚಾಚುವುದು ರೂಢಿಯಾದ ಮೇಲೆ ಸ್ವಲ್ಪ ತಡೆ, ಅವನ ಕಣ್ಣಿನ ಎತ್ತರಕ್ಕೆ ಕೂತು ಮುಖ ನೋಡು. ‘ಈ’ ಅಂತ ಯಾವುದಾದರೂ ಸದ್ದು ಹೊರಟರೆ ಸಾಕು, ಕೊಡು. ‘ಈ’ ಬಲಿತ ಮೇಲೆ ‘ನೀ’. ‘ನೀಯು’ ಅಂದರೆ ಹಬ್ಬ ಮಾಡು, ‘ರು’ ಅನ್ನು ಅಂತ ತಿದ್ದಬೇಡ; ರಕಾರ ಎಷ್ಟೋ ಮಕ್ಕಳಿಗೆ ತಡವಾಗಿಯೇ ತಿರುಗುವುದು. ಸದ್ದು ಬರದ ದಿನ ನೀನೇ ‘ನೀರು’ ಅಂದು ಕೊಟ್ಟುಬಿಡು, ಹಣಾಹಣಿ ಬೇಡ. ಲೋಟದ ತುಂಬ ಕೊಟ್ಟರೆ ಅವನು ಒಂದೇ ಸಲ ಕೇಳುತ್ತಾನೆ, ಎರಡೆರಡು ಗುಟುಕು ಕೊಟ್ಟರೆ ನಾಲ್ಕು ಸಲ ಕೇಳುವ ಅವಕಾಶ ಅವನಿಗೆ. ಮಾತು ತೀರಾ ಹೊರಡದಿದ್ದರೆ ಫಿಲ್ಟರ್ ಪಕ್ಕ ಲೋಟದ ಚಿತ್ರ ಅಂಟಿಸು, ಅದನ್ನು ಮುಟ್ಟಿ ಕೇಳಿದರೂ ಕೇಳಿದ್ದೇ ಲೆಕ್ಕ. ಚಿತ್ರ, ಸನ್ನೆ ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಅನ್ನುವುದು ಸುಮ್ಮನೆ ಹೆದರಿಕೆ.

ಮೆಚ್ಚುಗೆ ತಕ್ಷಣ ಸಿಗಬೇಕು. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಶಾಲೆಗೆ ಹೋಗಿ ಲೆಕ್ಕದ ತರಗತಿಯಲ್ಲಿ ಹಿಂದೆ ಕೂತಿದ್ದರಂತೆ. ಲೆಕ್ಕ ಬಿಡಿಸಿದ ಮಗುವಿಗೆ ಅದು ಸರಿಯೋ ತಪ್ಪೋ ಅಲ್ಲಿಯೇ ಗೊತ್ತಾಗುತ್ತಿರಲಿಲ್ಲ. ಮುಗಿಸಿದವರೂ ಸುಮ್ಮನೆ, ತಡಕಾಡುತ್ತಿದ್ದವರೂ ಸುಮ್ಮನೆ. ಅದನ್ನು ನೋಡಿ ತಡೆಯಲಾರದೆ ಮನೆಗೆ ಬಂದು ಉತ್ತರ ಸರಿಯೇ ಅಂತ ಆ ಕ್ಷಣದಲ್ಲೇ ತೋರಿಸುವ ಒಂದು ಯಂತ್ರ ಕಟ್ಟಲು ಕೂತರು. ನಮ್ಮ ಶಾಲೆಗಳಲ್ಲಿ ನೋಟ್ ಬುಕ್ಕು ಟೀಚರ ಮೇಜಿನ ಮೇಲೆ ಎಷ್ಟು ದಿನ ಮಲಗಿರುತ್ತದೆ ಅಂತ ನಿನಗೇ ಗೊತ್ತು. ‘ಸಂಜೆ ಅಪ್ಪ ಬಂದಮೇಲೆ ಐಸ್‌ಕ್ರೀಮು’ ಅನ್ನುವುದೂ ಹಾಗೆಯೇ. ಬೆಳಗಿನ ಚಡ್ಡಿಗೂ ಸಂಜೆಯ ಐಸ್‌ಕ್ರೀಮಿಗೂ ನಂಟು ನಿನ್ನ ತಲೆಯಲ್ಲಿದೆ, ಅವನ ತಲೆಯಲ್ಲಿಲ್ಲ. ‘ಜಾಣ, ಜಾಣ’ ಅಂತ ಸುಮ್ಮನೆ ಸುರಿಯುವುದಕ್ಕಿಂತ ‘ಹಿಂದೆ ಕೈ ಹಾಕಿ ಎಳೆದುಬಿಟ್ಟೆಯಲ್ಲೋ!’ ಅನ್ನು. ಯಾವುದಕ್ಕೆ ಅಮ್ಮ ಹಿಗ್ಗಿದಳು ಅಂತ ಅವನಿಗೆ ತಿಳಿಯಲಿ.

ಚಾಕೊಲೇಟ್ ಕೊಡಬಹುದೇ ಅಂತ ಕೇಳಿದ್ದೀಯ. ಬೇರೆ ಯಾವುದೂ ನಡೆಯದಿದ್ದರೆ, ಚೂರೇ ಚೂರು, ಸ್ವಲ್ಪ ದಿನ. ಅದಕ್ಕೂ ಮೊದಲು ಒಂದು ಭಾನುವಾರ ಅವನನ್ನು ಸುಮ್ಮನೆ ನೋಡುತ್ತಾ ಕೂರು. ಬಿಟ್ಟರೆ ಅವನು ತಾನಾಗಿ ಏನು ಮಾಡುತ್ತಾನೆ? ಬಕೆಟ್ಟಿನ ನೀರು ಮೊಗೆಯುತ್ತಾನೋ, ಮಂಚದಿಂದ ಹಾರುತ್ತಾನೋ, ಅಪ್ಪನ ಬೈಕ್ ಮೇಲೆ ಕೂತು ಕನ್ನಡಿ ತಿರುಗಿಸುತ್ತಾನೋ, ಅದೇ ಅವನ ಬಹುಮಾನ. ಮೊದಲು ಹಲ್ಲುಜ್ಜು, ಆಮೇಲೆ ಬೈಕ್. ಡೇವಿಡ್ ಪ್ರೆಮ್ಯಾಕ್ ಅನ್ನುವವರು 1959ರಲ್ಲಿ ಈ ತತ್ವವನ್ನು ಪ್ರಯೋಗದಿಂದ ತೋರಿಸಿದರು. ಅಮೆರಿಕದ ಪಠ್ಯಪುಸ್ತಕಗಳಲ್ಲೇ ಇದಕ್ಕೆ ಅಜ್ಜಿಯ ನಿಯಮ ಅನ್ನುವ ಅಡ್ಡಹೆಸರಿದೆ. ‘ಊಟ ಮುಗಿಸು, ಕಥೆ ಹೇಳ್ತೀನಿ’ ಅಂತಿದ್ದ ನಿನ್ನ ಅಜ್ಜಿಗೆ ಒಂದು ಪದವಿ ಬರಬೇಕಾಗಿತ್ತು.

ಆದರೆ ಅವನು ಖುಷಿಯಿಂದ ತಾನೇ ಮಾಡುವುದಕ್ಕೆ ಲಂಚದ ಆಸೆ ಹಚ್ಚಬೇಡ. 1973ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪರ್ ಮತ್ತು ಅವರ ಜೊತೆಗಾರರು ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಮಕ್ಕಳನ್ನೇ ಆರಿಸಿ, ಕೆಲವರಿಗೆ ಬರೆದರೆ ಬಹುಮಾನಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಬರೆಸಿದರು. ಆಮೇಲೆ ಬಹುಮಾನದ ಮಾತಿಲ್ಲದೆ ಬಣ್ಣದ ಪೆನ್ನು ಇಟ್ಟರೆ ಆ ಮಕ್ಕಳು ಅದರ ಹತ್ತಿರ ಹೋಗುವುದೇ ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಪುಟ್ಟ ಗೋಡೆಮೇಲೆ ಗೀಚುತ್ತಾನೆ ಅಂದೆಯಲ್ಲ, ಕಾಗದ ಕೊಡು, ಬಹುಮಾನ ಕೊಡಬೇಡ.

ಅಂಗಡಿ ಮುಂದಿನ ರಂಪ ಮನೆಯವರೆಲ್ಲ ಸೇರಿ ಬಗೆಹರಿಸಬೇಕಾದದ್ದು. ಬಿದ್ದು ಹೊರಳಿದರೆ ಕುರ್‌ಕುರೆ ಸಿಗುತ್ತದೆ, ಅದಕ್ಕೇ ಹೊರಳುತ್ತಾನೆ. ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ರಂಪ ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು. ಇದನ್ನು ಮೊದಲೇ ತಿಳಿದಿರು. ಇಷ್ಟು ದಿನ ನಡೆದ ಉಪಾಯ ಇವತ್ತು ನಡೆಯಲಿಲ್ಲ ಅಂದರೆ ಯಾರಾದರೂ ಇನ್ನಷ್ಟು ಜೋರಾಗಿಯೇ ಪ್ರಯತ್ನಿಸುತ್ತಾರೆ. ಲಿಫ್ಟ್ ಬರದಿದ್ದಾಗ ನೀನು ಬಟನ್ ಎಷ್ಟು ಸಲ ಒತ್ತುತ್ತೀಯ ಹೇಳು. ಆ ಜೋರಿನ ತುತ್ತತುದಿಯಲ್ಲಿ, ನೋಡುವವರಿಗೆ ನಾಚಿಕೊಂಡು ಕೊಡಿಸಿದೆಯೋ, ಮುಗಿಯಿತು, ಎಷ್ಟು ಜೋರಿಗೆ ಹೋಗಬೇಕು ಅಂತ ಅವನಿಗೆ ಅಳತೆ ಸಿಕ್ಕಿತು. ಒಮ್ಮೆ ಕೊಟ್ಟು ಒಮ್ಮೆ ಕೊಡದಿರುವುದು ಇನ್ನೂ ಕೆಟ್ಟದ್ದು. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪಾರಿವಾಳಗಳ ಮೇಲೆ ಬರೆದ ದಪ್ಪ ಪುಸ್ತಕದ ತುಂಬ ಈ ಲೆಕ್ಕವೇ ಇದೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುವುದಕ್ಕಾಗಿ ಮಾಡುವ ಕೆಲಸ ಬೇಗ ಬಿಟ್ಟುಹೋಗುವುದಿಲ್ಲ. ಲಾಟರಿ ಟಿಕೆಟ್ ಕೊಳ್ಳುವವರ ಕೈ ನಿಲ್ಲದಿರುವುದೂ ಅದಕ್ಕೇ.

ಆದ್ದರಿಂದ ನಿಮ್ಮ ಮಾವನವರ ಜೊತೆ ಮೊದಲು ಮಾತಾಡು. ತಾತ ಮೊಮ್ಮಗನಿಗೆ ಕೊಡಿಸುವುದನ್ನು ತಪ್ಪಿಸಬೇಡ, ಪಾಪ, ಅವರಿಗೂ ಅದೊಂದು ಸಂತೋಷ. ಮನೆಯಿಂದ ಹೊರಡುವ ಮುಂಚೆಯೇ ‘ಇವತ್ತು ಬಾಳೆಹಣ್ಣು ತರೋಣ’ ಅಂತ ಅವರೇ ಹೇಳಲಿ, ಅಂಗಡಿಯಲ್ಲಿ ಅವನ ಕೈಯಿಂದಲೇ ದುಡ್ಡು ಕೊಡಿಸಲಿ, ಸುಮ್ಮನೆ ನಿಂತಿದ್ದಕ್ಕೆ ಹಣ್ಣು ಕೈಗೆ ಕೊಡಲಿ. ಅಳುವ ಮುಂಚೆ ಕೊಡುವುದಕ್ಕೂ ಅತ್ತಮೇಲೆ ಕೊಡುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಅರ್ಥವಾದರೆ ಅರ್ಧ ಕೆಲಸ ಆದಂತೆ. ಹಸಿದ ಹೊತ್ತಿನಲ್ಲಿ, ನಿದ್ದೆಯ ಹೊತ್ತಿನಲ್ಲಿ ಅಂಗಡಿಗೇ ಕರೆದುಕೊಂಡು ಹೋಗಬೇಡ.

ಮನೆಯಲ್ಲಿ ಕಲಿತದ್ದು ಊರಿಗೆ ಬಂದಾಗ ಮರೆತ ಹಾಗೆ ಕಂಡರೆ ಗಾಬರಿಯಾಗಬೇಡ. ನಿಮ್ಮ ಫ್ಲ್ಯಾಟಿನಲ್ಲಿ ನಲ್ಲಿ ಎತ್ತಿದರೆ ನೀರು ಬರುತ್ತದೆ. ಇಲ್ಲಿ ಬಚ್ಚಲಲ್ಲಿ ಹಂಡೆ, ಚೊಂಬು. ಕೈತೊಳೆಯುವುದು ಅಂದರೆ ಅವನಿಗೆ ಆ ನಲ್ಲಿಯೇ. ಒಂದು ಕಡೆ ಕಲಿಸಿ, ಎಲ್ಲಾ ಕಡೆಯೂ ತಾನಾಗಿ ಬರುತ್ತದೆ ಅಂತ ಆಸೆ ಇಟ್ಟುಕೊಂಡು ಕೂರುವವರನ್ನು ಸ್ಟೋಕ್ಸ್ ಮತ್ತು ಬೇರ್ ಅನ್ನುವ ಇಬ್ಬರು 1977ರಲ್ಲೇ ಲೇವಡಿ ಮಾಡಿದ್ದಾರೆ. ಬೇರೆ ನಲ್ಲಿ, ಬೇರೆ ಸೋಪು, ಬೇರೆ ಮನೆ, ಒಂದು ದಿನ ಅಮ್ಮ, ಒಂದು ದಿನ ಅಪ್ಪ ಅಂತ ಮೊದಲಿನಿಂದಲೇ ಬದಲಾಯಿಸುತ್ತಿರು.

ಏಟಿನ ವಿಷಯ ನೀನು ಬರೆದಿಲ್ಲ, ಆದರೂ ಹೇಳುತ್ತೇನೆ. ಏಟು ಮಾಡಬಾರದ್ದನ್ನು ಹೇಳೀತು, ಮಾಡಬೇಕಾದ್ದನ್ನು ಹೇಳಿಕೊಡುವುದಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ, ಮನಸ್ಸಿಗೆ ಹಿಂಸೆ ಮಾಡುವುದನ್ನೂ ಸೇರಿಸಿ. ನಮ್ಮ ಈ ಶಾಸ್ತ್ರದ ಚರಿತ್ರೆಯೇನೂ ಶುದ್ಧವಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವರ್ ಲೋವಾಸ್ ಆಟಿಸಂ ಇರುವ ಮಕ್ಕಳಿಗೆ ಕಲಿಸುವಾಗ ಕೆನ್ನೆಗೆ ಹೊಡೆದದ್ದೂ ಉಂಟು, ಕರೆಂಟು ಕೊಟ್ಟದ್ದೂ ಉಂಟು. 1965ರಲ್ಲಿ ಲೈಫ್ ಪತ್ರಿಕೆ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಇವತ್ತು ಆಟಿಸಂ ಇರುವ ಎಷ್ಟೋ ಮಂದಿ ದೊಡ್ಡವರಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಬಲವಂತ ಮಾಡಿದ್ದು, ಕೈ ಅಲ್ಲಾಡಿಸಿದ್ದಕ್ಕೆ ಕೈ ಹಿಡಿದು ಒತ್ತಿದ್ದು, ಎಲ್ಲವನ್ನೂ ಹೇಳುತ್ತಿದ್ದಾರೆ. ಅವರ ಮಾತು ಕೇಳಬೇಕು. ಯಾವುದನ್ನೇ ಕಲಿಸುವ ಮುಂಚೆ, ಇದರಿಂದ ಅನುಕೂಲ ಪುಟ್ಟನಿಗೋ, ಎದುರುಮನೆಯವರ ಕಣ್ಣಿಗೋ ಅಂತ ಕೇಳಿಕೋ. ಕುಣಿಯುತ್ತಾ ಊಟ ಮಾಡಿದರೆ ಮಾಡಲಿ ಬಿಡು. ಬೇಡ ಅಂತ ತಲೆಯಾಡಿಸುವುದು, ಕೈ ತಳ್ಳುವುದು, ಇವೂ ಅವನ ಮಾತೇ. ಅದಕ್ಕೂ ಬೆಲೆ ಇದೆ ಅಂತ ಅವನಿಗೆ ಗೊತ್ತಾಗಬೇಕು.

ಅಡುಗೆಮನೆ ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕ ದಿನಕ್ಕೊಂದು ಗುರುತು ಹಾಕು: ತಾನೇ ಮಾಡಿದರೆ ‘ತಾ’, ಕೈಹಿಡಿದು ಮಾಡಿಸಿದರೆ ‘ಕೈ’. ವಾರವೆಲ್ಲ ‘ಕೈ’ ಆದರೆ ನೀನು ಇಟ್ಟ ಹೆಜ್ಜೆ ಅವನಿಗೆ ದೊಡ್ಡದಾಯಿತು, ಇನ್ನೂ ಚಿಕ್ಕದು ಮಾಡು. ಒಟ್ಟಿಗೆ ಒಂದೋ ಎರಡೋ ಕೆಲಸ ಸಾಕು, ಈಗ ಚಡ್ಡಿ ಮತ್ತು ನೀರು.

ಶೂ ಲೇಸಿನ ಗೋಜಿಗೆ ಈಗಲೇ ಹೋಗಬೇಡ. ಲೇಸು ಕಟ್ಟಲು ಸಾಮಾನ್ಯವಾಗಿ ಮಕ್ಕಳಿಗೆ ಐದಾರು ವರ್ಷವಾದರೂ ಆಗಬೇಕು, ಬೆರಳು ಇನ್ನೂ ಬಲಿಯಬೇಕು. ಚರ್‍ರೆಂದು ಅಂಟುವ ವೆಲ್ಕ್ರೋ ಪಟ್ಟಿಯ ಶೂ ತೆಗೆದುಕೊಡು, ಬೆರಳ ತುದಿಗೆ ಸ್ವಲ್ಪ ಜಾಗ ಇರಲಿ. ಪಟ್ಟಿಯನ್ನು ಮುಕ್ಕಾಲು ಭಾಗ ನೀನು ಎಳೆದು ತಂದು ಬಿಡು, ಒತ್ತಿ ಅಂಟಿಸುವುದು ಅವನ ಪಾಲಿಗಿರಲಿ.

ನಿನ್ನ
ದೊಡ್ಡಮ್ಮ